ಗಬ್ಬರ್ ಸಿಂಗ್ ಕಾಲಿಡದ ಟೇಕಲ್ ಬೆಟ್ಟ!

ಬಂಡೆಗೂ ಹಣೆಬರಹ ಅನ್ನೋದು ಇರುತ್ತೆ ಕಣ್ರೀ! ನಂಬೋದಿಲ್ವೇ? ರಾಮನಗರದ ಕಡೆ ನೋಡಿ. 1973ರಲ್ಲಿ ರಮೇಶ್ ಸಿಪ್ಪಿ ಬೊಂಬಾಯಿಯಿಂದ ಬಂದು ಅಲ್ಲಿ ‘ರಾಮಗಢ’ ಅಂತ ಒಂದು ಹಳ್ಳಿಯನ್ನೇ ಕಟ್ಟಿಸಿದರು. 1975ರಲ್ಲಿ ‘ಶೋಲೆ’ ತೆರೆಗೆ ಬಂತು. ಅಂದಿನಿಂದ ಆ ಬಂಡೆಗಳೂ ಸ್ಟಾರುಗಳೇ! ಇಂದಿಗೂ ಜನ ಹೋಗಿ “ಗಬ್ಬರ್ ನಿಂತಿದ್ದ ಕಲ್ಲು ಯಾವುದು?” ಅಂತ ಕೇಳ್ತಾರೆ. ಚಿತ್ರದುರ್ಗದ ಕಲ್ಲಿಗೆ ಅದಕ್ಕೂ ಮುಂಚೆ, 1972ರಲ್ಲೇ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಸಿಕ್ಕಿತ್ತು. ರಾಮಾಚಾರಿ ಓಡಾಡಿದ ಕೋಟೆ ಅಂದರೆ ಸಾಕು, ಅಭಿಮಾನಿಯ ಮೈ ಜುಮ್ಮೆನ್ನುತ್ತೆ.

ಈಗ ಹೇಳಿ, ಟೇಕಲ್ ಬಂಡೆ ನೋಡಿದ್ದೀರಾ?

ನೋಡಿರ್ತೀರಿ, ಗಮನಿಸಿರೋದಿಲ್ಲ! ಬೆಂಗಳೂರಿನಿಂದ ಬಂಗಾರಪೇಟೆಗೆ ಹೋಗೋ ರೈಲು ಮಾಲೂರು ದಾಟಿ, ಬ್ಯಾಟರಾಯನಹಳ್ಳಿ ದಾಟಿದ ಮೇಲೆ ಕಿಟಕಿಯಾಚೆ ಕಣ್ಣು ಹಾಯಿಸಿ. ಯಾರೋ ರಾಕ್ಷಸರ ಮಕ್ಕಳು ಗೋಲಿ ಆಡ್ತಾ ಆಡ್ತಾ ಅಮ್ಮ ಕರೆದಳೆಂದು ಬಿಟ್ಟು ಹೋದ ಹಾಗೆ ಗುಂಡು ಮೇಲೆ ಗುಂಡು! ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲು ಸ್ವಾಮಿ ಇದು. ಊರಿನ ಹೆಸರಿನ ಬಾಲದಲ್ಲೇ ಕಲ್ಲಿದೆ. 1864ರಿಂದ ಈ ದಾರಿಯಲ್ಲಿ ರೈಲು ಓಡ್ತಾ ಇದೆ. ಇಷ್ಟು ಕಾಲ ಜನ ಕಿಟಕಿಯಲ್ಲೇ ನೋಡಿ ಮುಂದೆ ಹೋದರು. ಹಾಗೇ ಮುಂದೆ ಹೋದರೆ ಕೆ.ಜಿ.ಎಫ್. 2001ರಲ್ಲಿ ಚಿನ್ನದ ಗಣಿ ಮುಚ್ಚಿ ಊರು ಮಂಕಾಗಿತ್ತು. 2018ರಲ್ಲಿ ಯಶ್ ಬಂದದ್ದೇ ತಡ, ಅಲ್ಲಿನ ಸಯನೈಡ್ ದಿಬ್ಬಕ್ಕೂ ಅಭಿಮಾನಿಗಳು ಹುಟ್ಟಿಕೊಂಡರು. ಮಣ್ಣಿನ ದಿಬ್ಬಕ್ಕೆ ಬಂದ ಯೋಗ ಪಕ್ಕದ ಈ ಬಂಡೆಗೆ ಬರಲಿಲ್ಲ!

ಮೊನ್ನೆ ನಾನು ಇಳಿದೇಬಿಟ್ಟೆ. ಊರಿನ ವರದರಾಜಸ್ವಾಮಿ ಗುಡಿಗೆ ಮೊದಲು ಹೋದೆ. 15ನೇ ಶತಮಾನದಲ್ಲಿ ಸಾಳುವ ವಂಶದ ಗೋಪರಾಜ ವಿಜಯನಗರದ ಕೈಕೆಳಗೆ ಇಲ್ಲಿಂದಲೇ ಆಳುತ್ತಿದ್ದ. ಅಂದರೆ ಇದು ಒಂದು ಕಾಲಕ್ಕೆ ರಾಜಧಾನಿಯ ಠೀವಿ ಕಂಡ ಊರು. ಬಿಸಿಲಿಂದ ಒಳಗೆ ಬಂದು ಕಂಬಕ್ಕೆ ಬೆನ್ನು ಕೊಟ್ಟು ಕೂತರೆ, ಏರ್ ಕಂಡೀಶನ್ ಥಿಯೇಟರಿನ ಬಾಲ್ಕನಿ ಯಾಕೆ ಬೇಕು ಹೇಳಿ!

ಬೆಟ್ಟದ ಬುಡದಲ್ಲಿ ಟಣ್, ಟಣ್ ಸದ್ದು. ಒಬ್ಬ ತಾತ ಉಳಿ, ಸುತ್ತಿಗೆ ಹಿಡಿದು ಕಲ್ಲುಕೂಚ ಸೀಳ್ತಾ ಇದ್ದ. ದ್ರಾಕ್ಷಿ ತೋಟಕ್ಕೆ, ಬೇಲಿಗೆ ನೆಡ್ತಾರಲ್ಲ, ಅದೇ. ನನ್ನ ಹೆಗಲಿನ ಕ್ಯಾಮೆರಾ ನೋಡಿ, “ಸಿನ್ಮಾದೋರಾ ಸಾಮೀ?” ಅಂದ. ಚಪ್ಪಡಿ ಏಳಿಸೋ ಹಳೇ ವಿದ್ಯೆ ಹೇಳಿಕೊಟ್ಟ. ಬಂಡೆಯ ಮೇಲೆ ಸೌದೆ ಉರಿ ಹಾಕಿ ನಿಧಾನಕ್ಕೆ ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಕಾದ ಮೇಲ್ಪದರ ಹಿಗ್ಗಿ, ತಣ್ಣಗಿರೋ ಕೆಳಪದರದಿಂದ ಬಿಟ್ಟುಕೊಳ್ಳುತ್ತೆ. ಸುತ್ತಿಗೆಯಲ್ಲಿ ತಟ್ಟಿದರೆ ಡೊಳ್ಳು ಸದ್ದು. ಅಲ್ಲಿಗೆ ಚಪ್ಪಡಿ ರೆಡಿ! ಯಾವ ಫೈಟ್ ಮಾಸ್ಟರಿಗೆ ಬರುತ್ತೆ ಈ ವಿದ್ಯೆ?

“ಇಲ್ಲಿ ಒಂದು ಪಿಕ್ಚರ್ ತೆಗೆದರೆ ಬಂಡೆ ಉಳಿಯುತ್ತೆ ತಾತ” ಅಂದೆ, ದೊಡ್ಡ ಉಪಕಾರ ಮಾಡೋನ ಹಾಗೆ.

“ಬಂಡೆ ಉಳೀತದೆ, ನನ್ನ ಮುದ್ದೆ?” ಅಂದ. ನನ್ನ ಬಾಯಿ ಬಂದ್! ಅವನೇ ಮತ್ತೆ, “ನಾನು ಕೈಯಾಗೆ ಕಡದ್ರೆ ಈ ಬೆಟ್ಟ ಮೊಮ್ಮಕ್ಕಳ ಕಾಲಕ್ಕೂ ಮುಗಿಯಾಕಿಲ್ಲ ಸಾಮೀ. ಜಲ್ಲಿ ಮಿಷನ್ ಹಂಗಲ್ಲ. ಅದುಕ್ಕೆ ಹೊಟ್ಟೆ ತುಂಬೋದೇ ಇಲ್ಲ” ಅಂದ.

ನಿಜ. ಮಾಲೂರು ಸೀಮೆಯ ಕ್ವಾರಿ, ಕ್ರಷರು ನೋಡಿದವರಿಗೆ ಬೇರೆ ಹೇಳಬೇಕಿಲ್ಲ. ಬೆಂಗಳೂರಿನ ಒಂದೊಂದು ಮಹಡಿಯೂ ಎಲ್ಲೋ ಒಂದು ಗುಡ್ಡವೇ. ರಾಮದೇವರ ಬೆಟ್ಟವನ್ನು 2012ರಲ್ಲಿ ಸರ್ಕಾರ ರಣಹದ್ದು ಧಾಮ ಅಂತ ಘೋಷಿಸಿತು. ಬಂಡೆಯ ಜೊತೆ ಹದ್ದೂ ಬಚಾವ್! ನಮ್ಮ ಜಿಲ್ಲೆಯಲ್ಲೂ ಅಂಥದ್ದೊಂದು ಕಥೆ ಉಂಟು. ಸೌಂದರ್ಯ ಅವರಂಥ ತಾರೆಯನ್ನು ಕೊಟ್ಟ ಮುಳಬಾಗಿಲು ತಾಲ್ಲೂಕಿನ ಹನುಮನಹಳ್ಳಿ ಗುಹೆಯಲ್ಲಿ ಒಂದು ಜಾತಿಯ ಬಾವಲಿ ಇದೆ. ಪ್ರಪಂಚದಲ್ಲಿ ಇನ್ನೆಲ್ಲೂ ಉಳಿದಿರೋದು ಗೊತ್ತಿಲ್ಲ! ಅದರ ಹೆಸರಲ್ಲೇ ಕೋಲಾರ ಇದೆ. ಕಲ್ಲು ಗಣಿಯಿಂದ ಅದೂ ನಾಶದ ಅಂಚಿಗೆ ಬಂದಿತ್ತು. ಆಮೇಲೆ ಗುಹೆಯ ಸುತ್ತ ಗಣಿಗೆ ತಡೆ ಬಿತ್ತು. ಟೇಕಲ್ಲಿಗೆ ಗಬ್ಬರ್ರೂ ಇಲ್ಲ, ಬಾವಲಿಯೂ ಇಲ್ಲ. ಹಾಗಾದರೆ ಯಾರ ಹೆಸರಲ್ಲಿ ಉಳಿಸೋದು? ನನ್ನನ್ನು ಕೇಳಿದರೆ ಆ ತಾತನ ಉಳಿಯ ಹೆಸರಲ್ಲಿ.

ಹೋಗೋದಾದರೆ ಡಿಸೆಂಬರ್, ಜನವರಿಯಲ್ಲಿ ಬೆಳಗ್ಗೆಯೇ ಹೋಗಿ. ಬೇಸಿಗೆ ಮಧ್ಯಾಹ್ನ ಬಂಡೆ ಕಾವಲಿ ಆಗಿರುತ್ತೆ, ನೀವೇ ದೋಸೆ! ನೀರು ಕಟ್ಟಿಕೊಳ್ಳಿ. ಸಿಡಿಮದ್ದು ಇಡೋ ಕಡೆ ಸುಳಿಯಬೇಡಿ. ಬಂಡೆಯ ಮೇಲೆ ನಿಮ್ಮ ಹೆಸರು, ‘ಅವಳ’ ಹೆಸರು ಬರೆಯೋ ಚಪಲ ಬಂದರೆ ಕೈ ಕಟ್ಟಿಕೊಳ್ಳಿ. ಅವಳ ಅಪ್ಪನೂ ಅದೇ ರೈಲಲ್ಲಿ ಬರಬಹುದು!

ಸಂಜೆ ಸ್ಟೇಷನ್ನಿನಲ್ಲಿ ಕೂತಿದ್ದೆ. ಬಂಡೆಗಳು ಕೆಂಪಗೆ ಬೆಂಕಿ ಹಿಡಿದ ಹಾಗೆ ಹೊಳೀತಿದ್ದವು. ಎಂಥ ಫ್ರೇಮ್ ರೀ! ಅಷ್ಟರಲ್ಲಿ ದೂರದಲ್ಲಿ ‘ಢಂ’ ಅಂತ ಒಂದು ಸದ್ದು, ಹಿಂದೆಯೇ ಬಿಳೀ ಧೂಳು. ಪ್ಲಾಟ್‌ಫಾರಂ ಮೇಲಿದ್ದ ಯಾರೂ ತಲೆ ಎತ್ತಿ ನೋಡಲಿಲ್ಲ. ಬೆಂಗಳೂರು ಕಡೆಯ ರೈಲು ಬಂತು, ಹತ್ತಿದೆ.