ಬಾಳೆನಾರನ್ನು ಉಡುವ ಓಕಿನಾವಾ

ಹೂ ಕಟ್ಟುವಾಗ ಬಾಳೆನಾರನ್ನು ನೀರಿನಲ್ಲಿ ನೆನೆಹಾಕಿ, ಎಳೆಯಾಗಿ ಸೀಳಿಕೊಂಡು ಕೂರುತ್ತೀರಲ್ಲ, ಅಂಥ ನಾರಿನಿಂದ ಉಡುವ ಬಟ್ಟೆಯನ್ನೇ ನೇಯುತ್ತಾರೆ ಅಂದರೆ ನಂಬುತ್ತೀರಾ? ಜಪಾನಿನ ದಕ್ಷಿಣಕ್ಕೆ, ತೈವಾನಿನ ಕಡೆಗೆ ಚಾಚಿಕೊಂಡಿರುವ ದ್ವೀಪಗಳ ಸಾಲಿನಲ್ಲಿ ಎಲ್ಲಕ್ಕಿಂತ ದೊಡ್ಡದು ಓಕಿನಾವಾ. ಅಲ್ಲಿನ ಹೆಂಗಸರು ಶತಮಾನಗಳಿಂದ ನೇಯುತ್ತ ಬಂದಿರುವ ಈ ಬಟ್ಟೆಗೆ ಬಾಶೋಫು ಎಂದು ಹೆಸರು.

ಜಪಾನ್ ಅಂದಕೂಡಲೇ ನಮಗೆ ಹಿಮ, ಚೆರ್ರಿ ಹೂವು ನೆನಪಾಗುತ್ತವೆ. ಓಕಿನಾವಾ ಹಾಗಲ್ಲ. ಕಬ್ಬು, ಹಾಗಲಕಾಯಿ, ಮೈ ಬೆವರಿಳಿಸುವ ಸೆಕೆ, ಮೇಲೆ ಚಂಡಮಾರುತ. 1879ರವರೆಗೆ ಇದು ರ್ಯೂಕ್ಯೂ ಎಂಬ ಬೇರೆಯೇ ರಾಜ್ಯ, ನುಡಿಯೂ ಬೇರೆ. ಮೈಗೆ ಅಂಟದ ಬಾಳೆಬಟ್ಟೆಯನ್ನು ಅರಮನೆಯವರೂ ಉಟ್ಟರು, ಹೊಲದಲ್ಲಿ ದುಡಿಯುವವರೂ ಉಟ್ಟರು.

ಕೆಲಸ ಎಷ್ಟಿದೆ ನೋಡಿ. ಬಾಳೆ ಬಲಿಯಲು ಸುಮಾರು ಮೂರು ವರ್ಷ ಬೇಕು. ಇದರ ಹಣ್ಣಿನ ತುಂಬ ಬೀಜ, ತಿನ್ನೋದಕ್ಕಲ್ಲ. ಪಟ್ಟೆ ಸುಲಿದು, ಬೂದಿನೀರಿನಲ್ಲಿ ಕುದಿಸಿ, ಬಿದಿರಿನ ಚಿಮಟದಿಂದ ತಿರುಳು ಕೆರೆಯುತ್ತಾರೆ. ಒಳಪಟ್ಟೆಯ ನಯವಾದ ನಾರು ಉಡುಪಿಗೆ. ಹೊರಗಿನ ಒರಟು ನಾರು ಚೀಲ ಮುಂತಾದ್ದಕ್ಕೆ. ಇದನ್ನು ಹತ್ತಿಯ ಹಾಗೆ ನೂಲಲು ಬರುವುದಿಲ್ಲ. ಉಗುರಿನಿಂದ ಸೀಳಿ, ಎಳೆಗೆ ಎಳೆ ಗಂಟು ಹಾಕುತ್ತಲೇ ಹೋಗಬೇಕು. ಒಂದು ಕಿಮೋನೋಗೆ ಸುಮಾರು 200 ಗಿಡ! ಒಣಹವೆಯಲ್ಲಿ ಎಳೆ ಪಟಪಟನೆ ತುಂಡಾಗುವುದರಿಂದ ನೇಯಲು ಮಳೆಗಾಲದ ತೇವವೇ ಚೆನ್ನ. ಕೊನೆಗೆ ಬಟ್ಟೆಯನ್ನು ಪಿಂಗಾಣಿ ಬಟ್ಟಲಿನಿಂದ ಉಜ್ಜುತ್ತಾರೆ. (ಅಡುಗೆಮನೆ ಸಾಮಾನು ಎಲ್ಲೆಲ್ಲಿಗೆ ಹೋಗುತ್ತದೆ ನೋಡಿ!)

1945ರಲ್ಲಿ ಏಪ್ರಿಲಿನಿಂದ ಜೂನ್ ತನಕ ಈ ದ್ವೀಪದ ಮೇಲೆ ನಡೆದ ಕಾಳಗದಲ್ಲಿ ಇಲ್ಲಿನ ಜನರಲ್ಲಿ ಸುಮಾರು ನಾಲ್ವರಿಗೊಬ್ಬರು ಸತ್ತರು. ಗೆದ್ದ ಅಮೆರಿಕನ್ ಸೈನ್ಯ, ಸೊಳ್ಳೆ ಹುಟ್ಟುತ್ತವೆಂದು ಬಾಳೆಗಿಡಗಳನ್ನು ಕಡಿದುಹಾಕಿತು. ಉತ್ತರದ ಕಿಜೋಕಾ ಊರಿನ ತಾಇರಾ ತೋಶಿಕೋ ಅವರಿಗೆ ಆಗಿನ್ನೂ 24 ವರ್ಷ. ಯುದ್ಧಕಾಲದ ಕೆಲಸಕ್ಕೆಂದು ಜಪಾನಿನ ಕುರಾಶಿಕಿಗೆ ಹೋಗಿದ್ದ ಅವರು ಅಲ್ಲೇ ನೇಯ್ಗೆ ಕಲಿತು ಊರಿಗೆ ಮರಳಿದರು. ಗಂಡನನ್ನು ಕಳೆದುಕೊಂಡ ಹೆಂಗಸರನ್ನು ಜೊತೆಗೂಡಿಸಿಕೊಂಡು ಮತ್ತೆ ಬಾಳೆ ನೆಟ್ಟರು. ಕಿಮೋನೋ ಕೇಳುವವರಿಲ್ಲದಾಗ ಮೇಜಿನ ಹಾಸು ನೇಯ್ದು ಮಾರಿದರು. 1974ರಲ್ಲಿ ಜಪಾನ್ ಸರ್ಕಾರ ಕಿಜೋಕಾದ ನೇಯ್ಗೆಯನ್ನು ದೇಶದ ಸಾಂಸ್ಕೃತಿಕ ಆಸ್ತಿ ಎಂದು ಸಾರಿತು. 2000ದಲ್ಲಿ ತೋಶಿಕೋ ಅವರಿಗೆ 'ಜೀವಂತ ರಾಷ್ಟ್ರೀಯ ನಿಧಿ' ಎಂಬ ಗೌರವ ಸಿಕ್ಕಿತು. 2022ರಲ್ಲಿ, 101ನೇ ವಯಸ್ಸಿನಲ್ಲಿ ತೀರಿಕೊಂಡರು.

ಕೆಲಸವನ್ನು ಸೊಸೆ ಮುಂದುವರಿಸಿದ್ದಾರೆ. ಮಗ್ಗ ಕಲಿಯಲು ಹುಡುಗಿಯರೂ ಬರುತ್ತಾರೆ. ಕಷ್ಟವಿರುವುದು ಗಂಟಿನಲ್ಲಿ. ಮನೆಯಲ್ಲೇ ಕೂತು ಎಳೆ ಸೇರಿಸಿ ಕೊಡುವವರು ಹೆಚ್ಚಾಗಿ ಅಜ್ಜಿಯರು, ಅವರ ಸಂಖ್ಯೆ ಕಡಿಮೆಯಾಗುತ್ತಿದೆ. ಒಂದು ಮಗ್ಗಕ್ಕೆ ಎಳೆ ಒದಗಿಸಲು ಅಂಥ ಎಷ್ಟೋ ಕೈಗಳು ಬೇಕು.