ಆಮ್ಲಜನಕ ತಪ್ಪಿದಾಗ ಮಿದುಳಿನೊಳಗೆ ನಡೆಯುವುದೇನು?

ವಯಸ್ಕರ ದೇಹತೂಕದಲ್ಲಿ ಮಿದುಳಿನ ಪಾಲು ಶೇಕಡ 2ರಷ್ಟು ಮಾತ್ರವಿದ್ದರೂ, ವಿಶ್ರಾಂತಿಯಲ್ಲಿರುವ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇಕಡ 20ರಷ್ಟು ಅದೊಂದಕ್ಕೇ ಸಲ್ಲುತ್ತದೆ. ಯಕೃತ್ತು ಮತ್ತು ಸ್ನಾಯುಗಳು ಸಕ್ಕರೆಯನ್ನು ಗ್ಲೈಕೊಜೆನ್ ರೂಪದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಮಿದುಳಿನಲ್ಲಿ ಅಂತಹ ದಾಸ್ತಾನು ತೀರ ಅಲ್ಪವಾಗಿರುವುದರಿಂದ ಅದು ಕ್ಷಣಕ್ಷಣವೂ ರಕ್ತಪ್ರವಾಹವನ್ನೇ ನಂಬಿರಬೇಕಾಗುತ್ತದೆ. ಆದ್ದರಿಂದಲೇ ಹೃದಯ ನಿಂತ ಹತ್ತು ಸೆಕೆಂಡುಗಳ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ, ನಾಲ್ಕೈದು ನಿಮಿಷ ಕಳೆದರೆ ಶಾಶ್ವತ ಹಾನಿಯ ಅಪಾಯ ಎದುರಾಗುತ್ತದೆ.

ಜೀವಕೋಶದ ಎಲ್ಲ ಕೆಲಸಗಳಿಗೂ ಶಕ್ತಿ ಒದಗಿಸುವ ಅಣುವಿಗೆ ಎಟಿಪಿ ಎಂದು ಹೆಸರು. ಕೋಶದೊಳಗಿನ ಮೈಟೊಕಾಂಡ್ರಿಯಗಳು ಆಮ್ಲಜನಕದ ನೆರವಿನಿಂದ ಗ್ಲುಕೋಸನ್ನು ಪೂರ್ಣವಾಗಿ ದಹಿಸಿದಾಗ ಒಂದು ಗ್ಲುಕೋಸ್ ಅಣುವಿನಿಂದ ಸುಮಾರು 30 ಎಟಿಪಿ ದೊರೆಯುತ್ತವೆ. ಆಮ್ಲಜನಕವಿಲ್ಲದೆ ಅದೇ ಗ್ಲುಕೋಸ್ ಅರೆಬರೆಯಾಗಿ ಒಡೆದಾಗ ಸಿಗುವುದು ಎರಡೇ, ಜೊತೆಗೆ ಲ್ಯಾಕ್ಟಿಕ್ ಆಮ್ಲ ಶೇಖರಗೊಂಡು ಕೋಶದ ಆಮ್ಲೀಯತೆ ಹೆಚ್ಚುತ್ತದೆ. ನರಕೋಶಗಳ ಶಕ್ತಿಯ ದೊಡ್ಡ ಪಾಲು ಸೋಡಿಯಂ ಅನ್ನು ಹೊರಹಾಕಿ ಪೊಟ್ಯಾಸಿಯಂ ಅನ್ನು ಒಳಸೆಳೆಯುವ ಪೊರೆಯ ಪಂಪುಗಳಿಗೇ ವ್ಯಯವಾಗುವುದರಿಂದ ಎಟಿಪಿಯ ಕೊರತೆ ಮೊದಲು ತಟ್ಟುವುದು ಅವುಗಳಿಗೆ.

ಪಂಪುಗಳು ನಿಂತಾಗ ಸೋಡಿಯಂ ಒಳನುಗ್ಗುತ್ತದೆ, ಅದರ ಬೆನ್ನಿಗೇ ನೀರೂ ಸೇರಿ ಕೋಶ ಊದಿಕೊಳ್ಳುತ್ತದೆ. ಇದೇ ವೇಳೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕವು ಮಿತಿಮೀರಿ ಹೊರಬಿದ್ದು, ನೆರೆಯ ಕೋಶಗಳನ್ನು ಅತಿಯಾಗಿ ಪ್ರಚೋದಿಸಿ, ಅವುಗಳೊಳಕ್ಕೆ ಕ್ಯಾಲ್ಸಿಯಂ ಹರಿಯುವಂತೆ ಮಾಡುತ್ತದೆ. ಹೆಚ್ಚಾದ ಕ್ಯಾಲ್ಸಿಯಂನಿಂದ ಚುರುಕಾಗುವ ಕಿಣ್ವಗಳು ಕೋಶದ ಪ್ರೋಟೀನುಗಳನ್ನೂ ಕೊಬ್ಬಿನ ಪೊರೆಗಳನ್ನೂ ಕತ್ತರಿಸತೊಡಗುತ್ತವೆ. ಗ್ಲುಟಮೇಟ್‌ನ ಅತಿಪ್ರಚೋದನೆ ನರಕೋಶಗಳನ್ನು ಕೊಲ್ಲಬಲ್ಲದೆಂಬುದನ್ನು ಅಮೆರಿಕದ ವಿಜ್ಞಾನಿ ಜಾನ್ ಓಲ್ನಿ 1969ರಲ್ಲಿ ಇಲಿಮರಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಅಂದರೆ ಕೋಶ ಸಾಯುವುದು ಶಕ್ತಿಯ ಅಭಾವವೊಂದರಿಂದಲೇ ಅಲ್ಲ, ಆ ಅಭಾವ ಹುಟ್ಟುಹಾಕಿದ ಘಟನೆಗಳ ಸರಣಿಯಿಂದ.

ಈ ಸರಣಿ ಎಲ್ಲೆಡೆ ಒಂದೇ ವೇಗದಲ್ಲಿ ಸಾಗುವುದಿಲ್ಲ. ಹೊಸ ನೆನಪುಗಳನ್ನು ರೂಪಿಸುವ ಹಿಪೊಕ್ಯಾಂಪಸ್‌ನ ಕೆಲವು ಕೋಶಗಳು ಮತ್ತು ಚಲನೆಯ ಹೊಂದಾಣಿಕೆ ನೋಡಿಕೊಳ್ಳುವ ಕಿರುಮಿದುಳಿನ ಪುರ್ಕಿಂಜೆ ಕೋಶಗಳು ಬೇಗ ಘಾಸಿಗೊಳ್ಳುತ್ತವೆ. ರಕ್ತಸಂಚಾರ ಮರಳಿದ ಎರಡು ಮೂರು ದಿನಗಳ ನಂತರವೂ ಹಿಪೊಕ್ಯಾಂಪಸ್‌ನ ಕೋಶಗಳು ಸಾಯುವುದುಂಟು. ಹೃದಯಸ್ತಂಭನದಿಂದ ಬದುಕುಳಿದ ಕೆಲವರಲ್ಲಿ ಮರೆವು ಕಾಡುವುದಕ್ಕೆ ಇದೂ ಒಂದು ಕಾರಣ.

ಲಕ್ವ ಎಂದು ಜನ ಕರೆಯುವ ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗಕ್ಕಷ್ಟೇ ರಕ್ತ ತಪ್ಪುತ್ತದೆ. ಸಾಮಾನ್ಯವಾಗಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ ಸುಮಾರು 50 ಮಿಲಿಲೀಟರ್ ರಕ್ತ ಹರಿಯುತ್ತದೆ. ಅದು 20ರ ಕೆಳಗಿಳಿದಾಗ ಕೋಶಗಳ ವಿದ್ಯುತ್ ಚಟುವಟಿಕೆ ಸ್ತಬ್ಧವಾದರೂ ಜೀವ ಉಳಿದಿರುತ್ತದೆ, 10ರ ಸುಮಾರಿಗೆ ಇಳಿದಾಗ ಪಂಪುಗಳೇ ಕೈಕೊಡುತ್ತವೆ. ಈ ಎರಡು ಮಟ್ಟಗಳ ನಡುವಿನ, ಮೌನವಾಗಿದ್ದರೂ ಬದುಕಿರುವ ಅಂಚಿನ ವಲಯವನ್ನು ಉಳಿಸಿಕೊಳ್ಳುವುದೇ ಚಿಕಿತ್ಸೆಯ ಗುರಿ. ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ಚಿಕಿತ್ಸೆಯಿಲ್ಲದ ಪ್ರತಿ ನಿಮಿಷಕ್ಕೆ ಸರಾಸರಿ 19 ಲಕ್ಷ ನರಕೋಶಗಳು ನಾಶವಾಗುತ್ತವೆಂದು 2006ರಲ್ಲಿ ಅಂದಾಜಿಸಲಾಗಿದೆ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ರಕ್ತಸ್ರಾವದಿಂದಲೂ ಲಕ್ವ ಹೊಡೆಯುವುದರಿಂದ ಅದಕ್ಕೂ ಮೊದಲು ಸ್ಕ್ಯಾನ್ ಆಗಬೇಕು.

ಆದಕಾರಣ ಬಾಯಿ ಸೊಟ್ಟಗಾದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಎಣ್ಣೆ ತಿಕ್ಕುತ್ತಲೋ ಬೆಳಗಾಗಲೆಂದು ಕಾಯುತ್ತಲೋ ಕೂರದೆ 108ಕ್ಕೆ ಕರೆಮಾಡಿ, ಸಿಟಿ ಸ್ಕ್ಯಾನ್ ಸೌಲಭ್ಯವಿರುವ ಆಸ್ಪತ್ರೆಗೆ ಒಡನೆಯೇ ಕರೆದೊಯ್ಯಬೇಕು. ಲಕ್ಷಣ ಮೊದಲು ಕಂಡ ಹೊತ್ತನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.