ಹಳ್ಳಿ, ಪಲ್ಲಿ, ಪಳ್ಳಿ: ಗಡಿಸೀಮೆಯ ಸ್ಥಳನಾಮಗಳಲ್ಲಿ ಒಂದು ಪದ

ಕೃಷ್ಣಗಿರಿ ಜಿಲ್ಲೆಯ ಹೊಸೂರು ಪ್ರದೇಶದಲ್ಲಿ ಮೂಕಂಡಪಳ್ಳಿ, ಉದ್ದನಪಳ್ಳಿ ಮೊದಲಾದ ಊರುಗಳ ಹೆಸರುಗಳು ತಮಿಳು ಬರಹದಲ್ಲಿ ‘ಪಳ್ಳಿ’ ಎಂದು ಮುಗಿಯುತ್ತವೆ. ಕನ್ನಡ, ತೆಲುಗು, ತಮಿಳು ಮೂರೂ ಮನೆಮಾತಾಗಿರುವ ಈ ಸೀಮೆಯಲ್ಲಿ ಆ ಉತ್ತರಪದವನ್ನು ಯಾವ ಭಾಷೆಯದೆಂದು ಗ್ರಹಿಸಬೇಕೆಂಬುದು ಸ್ಥಳನಾಮ ಅಧ್ಯಯನದ ಮುಖ್ಯ ಪ್ರಶ್ನೆ.

ಮೂರು ಭಾಷೆಗಳ ರೂಪಗಳಿಗೂ ಮೂಲ ಒಂದೇ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶವು (ಎರಡನೆಯ ಆವೃತ್ತಿ, 1984) ಇವನ್ನು ಒಂದೇ ನಮೂದಿನಲ್ಲಿ ಇರಿಸಿದೆ. ಹಳಗನ್ನಡದ ‘ಪಳ್ಳಿ’ಯು ಪದಾದಿಯ ಪಕಾರ ಹಕಾರವಾಗಿ ‘ಹಳ್ಳಿ’ಯಾಯಿತು, ಅರ್ಥ ಗ್ರಾಮವೆಂದೇ ನೆಲೆನಿಂತಿತು. ತೆಲುಗಿನಲ್ಲಿ ಪಕಾರ ಉಳಿದು, ಳಕಾರ ಲಕಾರವಾಗಿ, ‘ಪಲ್ಲಿ’, ‘ಪಲ್ಲೆ’ ಎಂಬ ರೂಪಗಳು ಅದೇ ಅರ್ಥದಲ್ಲಿ ಬಳಕೆಗೊಂಡವು. ತಮಿಳಿನಲ್ಲಿ ಧ್ವನಿ ಬದಲಾಗದೆ ಅರ್ಥ ಕವಲೊಡೆಯಿತು: ಗ್ರಾಮವೆಂಬುದರ ಜೊತೆಗೆ ಮಲಗುವ ಎಡೆ, ಜೈನ-ಬೌದ್ಧ ಮುನಿಗಳ ನೆಲೆ, ಶಾಲೆ ಎಂಬ ಅರ್ಥಗಳೂ ಸೇರಿದವು. ಶಾಸನಗಳ ‘ಪಳ್ಳಿಚ್ಚಂದಂ’ ಅಂತಹ ಮುನಿನೆಲೆಗಳಿಗೆ ಬಿಟ್ಟ ದತ್ತಿಭೂಮಿ, ‘ಪಳ್ಳಿಕ್ಕೂಡಂ’ ಶಾಲೆ, ‘ಪಳ್ಳಿವಾಸಲ್’ ಮಸೀದಿ. ಮಲಯಾಳದ ‘ಪಳ್ಳಿ’ಯು ಚರ್ಚು, ಮಸೀದಿಗಳೆರಡಕ್ಕೂ ಸಲ್ಲುತ್ತದೆ.

ಇಂತಹ ಅರ್ಥಾಂತರ ಯೂರೋಪಿನಲ್ಲಿಯೂ ಉಂಟು. ಲ್ಯಾಟಿನ್ನಿನ ‘ವಿಲ್ಲಾ’ ಗ್ರಾಮಾಂತರದ ಜಮೀನುಮನೆ. ಅದರಿಂದ ಬಂದ ಫ್ರೆಂಚಿನ ‘ವಿಲ್’ ನಗರ, ಇಂಗ್ಲಿಷಿನ ‘ವಿಲೇಜ್’ ಹಳ್ಳಿ.

ಹೊಸೂರು ಸೀಮೆಯಲ್ಲಿ ಇದರ ಪರಿಣಾಮ ಇತಿಹಾಸದ ನಿರ್ಣಯಕ್ಕೂ ತಟ್ಟುತ್ತದೆ. ತಮಿಳು ಬರಹದಲ್ಲಿ ಮೂರು ರೂಪಗಳೂ ‘ಪಳ್ಳಿ’ಯೊಂದರಲ್ಲೇ ಅಡಗಬಲ್ಲವು. ಅದನ್ನಷ್ಟೇ ನಂಬಿದವರು ಕನ್ನಡದ ಹಳ್ಳಿಯೊಂದನ್ನು ಜೈನರ ನೆಲೆಯೆಂದು ಭಾವಿಸಬಹುದು. ಪ್ರತಿಯೊಂದು ‘ಪಳ್ಳಿ’ಯನ್ನೂ ‘ಹಳ್ಳಿ’ಯೆಂದು ತಿದ್ದುವವರು ನಿಜವಾದ ಜೈನ ನೆಲೆಯ ಕುರುಹನ್ನೇ ಅಳಿಸಬಹುದು. ‘ಹೊಸೂರು’ ಎಂಬ ಹೆಸರಿನಲ್ಲಿ ಈ ಸಂದಿಗ್ಧವಿಲ್ಲ. ತಮಿಳಿನಲ್ಲಿ ಹಕಾರ ಬಿದ್ದು ‘ಓಸೂರ್’ ಎಂದಾಗಿದ್ದರೂ, ಹೊಸತೆಂಬುದಕ್ಕೆ ತಮಿಳಿನ ಪದ ‘ಪುದು’ ಆದುದರಿಂದ ಪೂರ್ವಪದದ ಕನ್ನಡತನ ಸ್ಪಷ್ಟ. ‘ಪಳ್ಳಿ’ಗೆ ಅಂತಹ ಒಳಸಾಕ್ಷ್ಯವಿಲ್ಲ.

ಆದುದರಿಂದ ಪ್ರತಿಯೊಂದು ಹೆಸರಿಗೂ ಅದರ ಪೂರ್ವಪದ, ಶಾಸನೋಕ್ತ ರೂಪ, ಹಳೆಯ ಕಂದಾಯ ದಾಖಲೆ ಮತ್ತು ಸ್ಥಳೀಯರ ಉಚ್ಚಾರಣೆಗಳನ್ನು ಒಟ್ಟಿಗೆ ಪರಿಶೀಲಿಸಬೇಕು. ಇವುಗಳಲ್ಲಿ ಶಾಸನವೂ ಕಡತವೂ ಕಾಯಬಲ್ಲವು, ಉಚ್ಚಾರಣೆ ಕಾಯದು. ಊರಿನ ಹೆಸರನ್ನು ಫಲಕದಿಂದ ಕಲಿಯುವ ತಲೆಮಾರು ಮನೆಯಲ್ಲಿ ಕೇಳಿದ ರೂಪವನ್ನು ಕೈಬಿಡುವ ಮುನ್ನ, ಮೂರೂ ಭಾಷೆಗಳ ಹಿರಿಯರ ಬಾಯಲ್ಲಿ ಉಳಿದಿರುವ ಹೆಸರುಗಳನ್ನು ದಾಖಲಿಸುವುದು ಅಗತ್ಯ.